ಕೆರೆ ನೀರಿನಲ್ಲಿ ಡಿಎನ್‌ಎ ಸಿಗುತ್ತಿದೆ, ಮೀನಿನ ಬ್ಯಾಂಡ್ ಮಾತ್ರ ಬರುತ್ತಿಲ್ಲ

ಪ್ರಶ್ನೆ: ಕೋಲಾರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳು ಪರಿಸರ ಡಿಎನ್‌ಎ (ಜೀವಿಗಳು ನೀರಿನಂಥ ಪರಿಸರಕ್ಕೆ ಬಿಟ್ಟ ಡಿಎನ್‌ಎ) ಕುರಿತ ಪ್ರಾಜೆಕ್ಟಿಗಾಗಿ ಎರಡು ಕೆರೆಗಳ ನೀರು ತಂದಿದ್ದಾರೆ. ಒಂದು ನರಸಾಪುರದ ಕಡೆಯದು, ಕೆ.ಸಿ. ವ್ಯಾಲಿ ನೀರಿನಿಂದ, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರಿನಿಂದ ತುಂಬಿದೆ. ಇನ್ನೊಂದು ಮಳೆಯನ್ನೇ ನಂಬಿರುವ ಊರ ಕೆರೆ, ನೀರು ಕೆಂಪಗೆ ಬಗ್ಗಡವಾಗಿರುತ್ತದೆ. ಎರಡರಲ್ಲೂ ದಿನವೂ ಬಲೆ ಹಾಕಿ ಕಾಟ್ಲಾ, ರೋಹು, ಗೆಂಡೆ ಹಿಡಿಯುತ್ತಾರೆ. ನೀರನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದರೆ 100 ಮಿ.ಲೀ. ಆಗುವಷ್ಟರಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂಗಾಂಶದ ಕಿಟ್‌ನಲ್ಲಿ ತೆಗೆದ ಡಿಎನ್‌ಎ ನ್ಯಾನೊಡ್ರಾಪ್‌ನಲ್ಲಿ (ಡಿಎನ್‌ಎ ಪ್ರಮಾಣ ಅಳೆಯುವ ಯಂತ್ರ) ಚೆನ್ನಾಗಿಯೇ ಕಾಣುತ್ತದೆ. ಆದರೆ ಮೀನಿನ ಸಿಒಐ ಜೀನಿನ ಬಾರ್‌ಕೋಡ್ ಪ್ರೈಮರ್ (ಗುರಿಯ ತುಣುಕಿನ ಎರಡು ತುದಿ ಗುರುತಿಸುವ ಚಿಕ್ಕ ಡಿಎನ್‌ಎ) ಹಾಕಿ, ಆ ತುಣುಕನ್ನು ಪಿಸಿಆರ್‌ನಲ್ಲಿ ವರ್ಧಿಸಿದರೆ ಜೆಲ್‌ನಲ್ಲಿ ಬ್ಯಾಂಡ್ ಬರುವುದಿಲ್ಲ. ಮೀನಿನ ಈಜುರೆಕ್ಕೆಯ ತುಣುಕಿನ ಡಿಎನ್‌ಎಗೆ ಅದೇ ಪ್ರೈಮರ್ ಸರಿಯಾಗಿ ಕೆಲಸ ಮಾಡುತ್ತದೆ. ಸೋಸುವುದನ್ನು ಬಿಟ್ಟು ಎಥನಾಲ್‌ನಲ್ಲಿ ಡಿಎನ್‌ಎ ಇಳಿಸುವ ವಿಧಾನಕ್ಕೆ ಹೋಗಬೇಕೆ? ನಮ್ಮಂಥ ಕಾಲೇಜಿನ ಲ್ಯಾಬಿಗೆ ಒಗ್ಗುವ ದಾರಿ ಯಾವುದು?

ಉತ್ತರ: ದಿನವೂ ಬಲೆಗೆ ಮೀನು ಬೀಳುವ ಕೆರೆಯ ನೀರಿನಲ್ಲಿ ಮೀನಿನ ಡಿಎನ್‌ಎ ಇಲ್ಲದಿರಲು ಸಾಧ್ಯವಿಲ್ಲ, ನಿಮ್ಮ ಗಂಟನ್ನು ಬಿಡಿಸಲು ಹಿಡಿಯಬೇಕಾದ ತುದಿ ಇದೇ. ಮೈಮೇಲಿನ ಲೋಳೆ, ಮಲ, ಉದುರಿದ ಚರ್ಮಕೋಶ, ಮೊಟ್ಟೆಯಿಡುವ ಕಾಲದ ವೀರ್ಯ ಮತ್ತು ಮೊಟ್ಟೆ ಇವೆಲ್ಲದರ ಮೂಲಕ ಮೀನು ತನ್ನ ಡಿಎನ್‌ಎಯನ್ನು ನೀರಿಗೆ ಬಿಡುತ್ತಲೇ ಇರುತ್ತದೆ, ಮತ್ತು ಬಿತ್ತನೆ ಮರಿ ಬಿಟ್ಟು ಸಾಕುವ ಕೆರೆಯಲ್ಲಿ ಮೀನಿನ ದಟ್ಟಣೆಯೂ ಹೆಚ್ಚು. ಆದ್ದರಿಂದ ಬ್ಯಾಂಡ್ ಬರದಿದ್ದುದಕ್ಕೆ ಡಿಎನ್‌ಎಯ ಕೊರತೆಯನ್ನು ದೂರುವ ಮೊದಲು ಎರಡು ವಿಷಯ ವಿಚಾರಿಸಬೇಕು: ಡಿಎನ್‌ಎ ಜೊತೆಗೆ ಟ್ಯೂಬಿಗೆ ಇನ್ನೇನೇನು ಬಂದಿದೆ, ಮತ್ತು ಪ್ರೈಮರ್ ಎಷ್ಟು ಉದ್ದದ ತುಣುಕನ್ನು ಕೇಳುತ್ತಿದೆ. ನನ್ನ ಅಂದಾಜಿನಲ್ಲಿ ನಿಮಗೆ ಈ ಎರಡೂ ಕಡೆ ಪೆಟ್ಟು ಬಿದ್ದಿದೆ. ಎಥನಾಲ್ ವಿಧಾನಕ್ಕೆ ಹೋದರೆ ಎರಡರಲ್ಲಿ ಒಂದೂ ಸರಿಹೋಗುವುದಿಲ್ಲ.

ಮೊದಲು ನ್ಯಾನೊಡ್ರಾಪ್‌ನ ಸಂಖ್ಯೆಯ ಮೋಹವನ್ನು ಬಿಡಿ. ಕೆರೆ ನೀರಿನ ಫಿಲ್ಟರಿನಿಂದ ಬರುವ ಡಿಎನ್‌ಎಯಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಮತ್ತು ಪಾಚಿಯದು. ಮೀನಿನ ಪಾಲು ಅತ್ಯಲ್ಪ. ಅಲ್ಲದೆ ಆ ಯಂತ್ರ ಅಳೆಯುವುದು 260 ನ್ಯಾನೊಮೀಟರ್ ಬೆಳಕನ್ನು ಹೀರುವ ಎಲ್ಲವನ್ನೂ ಆದ್ದರಿಂದ, ಕೊಳೆತ ಎಲೆ ಮತ್ತು ಗೋಡಿನಿಂದ ಬರುವ ಹ್ಯೂಮಿಕ್ ಆಮ್ಲಗಳೂ ಅದರ ಲೆಕ್ಕದಲ್ಲಿ ಡಿಎನ್‌ಎ ಆಗಿಬಿಡುತ್ತವೆ. ನೀವು ನೋಡಬೇಕಾದದ್ದು 260/230 ಅನುಪಾತ: ಶುದ್ಧ ಡಿಎನ್‌ಎಯಲ್ಲಿ ಅದು 2ರ ಆಸುಪಾಸಿನಲ್ಲಿರುತ್ತದೆ, 1ಕ್ಕಿಂತ ಕೆಳಗಿದ್ದರೆ ಹ್ಯೂಮಿಕ್ ಆಮ್ಲವೋ ಕಿಟ್‌ನ ಗ್ವಾನಿಡಿನ್ ಲವಣವೋ ಉಳಿದಿದೆ ಎಂದು ಅನುಮಾನಿಸಬಹುದು. ಟ್ಯೂಬನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡುವುದೂ ಒಂದು ಪರೀಕ್ಷೆಯೇ. ದ್ರಾವಣ ತೆಳುವಾದ ಚಹಾ ಡಿಕಾಕ್ಷನ್ನಿನ ಬಣ್ಣದಲ್ಲಿದ್ದರೆ ಪಿಸಿಆರ್ ಕೈಕೊಡುವುದು ಹೆಚ್ಚುಕಡಿಮೆ ಖಚಿತ.

ಎರಡನೆಯದು ಪ್ರೈಮರ್. ಮೀನಿನ ಬಾರ್‌ಕೋಡಿಗೆ ಎಲ್ಲರೂ ಬಳಸುವ ಸಿಒಐ ಪ್ರೈಮರ್‌ಗಳು ಸುಮಾರು 650 ಬೇಸ್‌ಜೋಡಿ (ಡಿಎನ್‌ಎ ಉದ್ದದ ಅಳತೆ) ಉದ್ದದ ತುಣುಕನ್ನು ವರ್ಧಿಸುತ್ತವೆ. ಹೊಸ ಅಂಗಾಂಶದಲ್ಲಿ ಅಷ್ಟು ಉದ್ದದ ಅಖಂಡ ಡಿಎನ್‌ಎ ಧಾರಾಳವಾಗಿರುತ್ತದೆ, ಹಾಗಾಗಿ ನಿಮ್ಮ ಈಜುರೆಕ್ಕೆಯ ಮಾದರಿಗೆ ಬ್ಯಾಂಡ್ ಬಂತು. ನೀರಿಗೆ ಬಿದ್ದ ಡಿಎನ್‌ಎಯನ್ನು ಬ್ಯಾಕ್ಟೀರಿಯಾಗಳ ಕಿಣ್ವ, ಬಿಸಿಲಿನ ಅತಿನೇರಳೆ ಕಿರಣ ಮತ್ತು ಬೆಚ್ಚನೆಯ ನೀರು ಸೇರಿ ತುಂಡು ಮಾಡುತ್ತಲೇ ಇರುತ್ತವೆ. ನಮ್ಮ ಬಯಲುಸೀಮೆಯ ಆಳವಿಲ್ಲದ, ನೆರಳಿಲ್ಲದ ಕೆರೆಗಳಲ್ಲಿ ಈ ಮೂರಕ್ಕೂ ಬರವಿಲ್ಲ. ಪರಿಸರ ಡಿಎನ್‌ಎ ಕೆಲಸದಲ್ಲಿ ಸಾಮಾನ್ಯವಾಗಿ 100ರಿಂದ 200 ಬೇಸ್‌ಜೋಡಿಯ ಗುರಿಗಳನ್ನೇ ಆರಿಸುವುದು ಈ ಕಾರಣಕ್ಕೆ. 2015ರಲ್ಲಿ ಜಪಾನಿನಲ್ಲಿ ರೂಪುಗೊಂಡ ಮೈಫಿಶ್ ಪ್ರೈಮರ್‌ಗಳು ಮೈಟೊಕಾಂಡ್ರಿಯಾದ 12ಎಸ್ ಜೀನಿನ ಸುಮಾರು 170 ಬೇಸ್‌ಜೋಡಿಯ ಭಾಗವನ್ನು ಹಿಡಿಯುತ್ತವೆ ಮತ್ತು ಬಹುತೇಕ ಎಲುಬಿನ ಮೀನುಗಳಿಗೆ ಹೊಂದುತ್ತವೆ. ಒಂದು ಜೋಡಿ ಪ್ರೈಮರ್ ತರಿಸಲು ಆಗುವ ಖರ್ಚು ಹೊಸ ಕಿಟ್‌ನ ಬೆಲೆಯ ಮುಂದೆ ಏನೂ ಅಲ್ಲ. ನೀವು ಮಾಡಬೇಕಾದ ಮೊದಲ ಖರ್ಚು ಅದೇ.

ಪ್ರೈಮರ್ ಬರುವ ತನಕ ಫ್ರೀಜರಿನಲ್ಲಿರುವ ಡಿಎನ್‌ಎಗಳ ಮೇಲೆ ಒಂದು ಪರೀಕ್ಷೆ ಮಾಡಿ. ಚೆನ್ನಾಗಿ ಬ್ಯಾಂಡ್ ಕೊಟ್ಟ ಮೀನಿನ ಡಿಎನ್‌ಎಯನ್ನು, ಇನ್ನೂ ತೆಳುವಾದರೆ ಬ್ಯಾಂಡ್ ಮಾಯವಾಗುವಷ್ಟು ತೆಳು ಮಾಡಿಕೊಳ್ಳಿ. ಅದರ 1 ಮೈಕ್ರೋಲೀಟರನ್ನು ಒಂದು ಪಿಸಿಆರ್ ಟ್ಯೂಬಿಗೆ ಶುದ್ಧ ನೀರಿನ ಜೊತೆ, ಇನ್ನೊಂದಕ್ಕೆ ನಿಮ್ಮ ಕೆರೆಯ ಡಿಎನ್‌ಎ ಜೊತೆ, ಮೂರನೆಯದಕ್ಕೆ ಹತ್ತು ಪಟ್ಟು ತೆಳು ಮಾಡಿದ ಕೆರೆಯ ಡಿಎನ್‌ಎ ಜೊತೆ ಹಾಕಿ ಒಟ್ಟಿಗೆ ಓಡಿಸಿ. ಮೊದಲನೆಯದರಲ್ಲಿ ಬ್ಯಾಂಡ್ ಬಂದು ಎರಡನೆಯದರಲ್ಲಿ ಬರದಿದ್ದರೆ ಪಾಲಿಮರೇಸ್ ಕಿಣ್ವವನ್ನು ಏನೋ ತಡೆಯುತ್ತಿದೆ ಎಂದಾಯಿತು. ಮೂರನೆಯದರಲ್ಲಿ ಬ್ಯಾಂಡ್ ಮರಳಿದರೆ ಆ ತಡೆ ಎಷ್ಟು ಬಲವಾದದ್ದೆಂಬ ಅಂದಾಜೂ ಸಿಗುತ್ತದೆ. ರಿಯಲ್ ಟೈಮ್ ಪಿಸಿಆರ್ ಇರುವ ಲ್ಯಾಬುಗಳು ಇದನ್ನೇ ಸಂಶ್ಲೇಷಿತ ಡಿಎನ್‌ಎ ಬೆರೆಸಿ, ಸಿಕ್ಯು ಮೌಲ್ಯ (ಡಿಎನ್‌ಎ ಕಾಣಿಸಿಕೊಳ್ಳಲು ಬೇಕಾದ ಪಿಸಿಆರ್ ಸುತ್ತುಗಳ ಸಂಖ್ಯೆ) ಎಷ್ಟು ಮುಂದಕ್ಕೆ ಸರಿಯಿತು ಎಂದು ಅಳೆದು ಮಾಡುತ್ತವೆ. ಈ ಪರೀಕ್ಷೆ ಮಾಡದೆ ‘ಮೀನು ಪತ್ತೆಯಾಗಲಿಲ್ಲ’ ಎಂದು ಬರೆದ ಪ್ರಾಜೆಕ್ಟ್ ವರದಿಯನ್ನು ನಾನಂತೂ ಒಪ್ಪಲಾರೆ.

ತಡೆ ಇದೆ ಎಂದು ಖಚಿತವಾದರೆ ಅಗ್ಗದ ಉಪಾಯ ದ್ರಾವಣವನ್ನು ತೆಳು ಮಾಡುವುದೇ, ಆದರೆ ತಡೆಯುವ ವಸ್ತುವಿನ ಜೊತೆಗೆ ಮೀನಿನ ಡಿಎನ್‌ಎಯೂ ಅಷ್ಟೇ ತೆಳುವಾಗುತ್ತದೆ. ಸಾಕುಮೀನಿನ ಮಟ್ಟಿಗೆ ಅದು ನಡೆಯಬಹುದು, ಅಪರೂಪದ ಜೀವಿಯನ್ನು ಹುಡುಕುವಾಗ ನಡೆಯುವುದಿಲ್ಲ. ಪಿಸಿಆರ್ ಮಿಶ್ರಣದಲ್ಲಿ ಪ್ರತಿ ಮೈಕ್ರೋಲೀಟರಿಗೆ 0.1ರಿಂದ 0.4 ಮೈಕ್ರೋಗ್ರಾಂನಷ್ಟು ಬಿಎಸ್ಎ ಪ್ರೋಟೀನ್ ಸೇರಿಸಿದರೆ ಹ್ಯೂಮಿಕ್ ಆಮ್ಲದ ಒಂದಷ್ಟು ಭಾಗ ಅದಕ್ಕೆ ಅಂಟಿಕೊಂಡು ಕಿಣ್ವ ಬಿಡುಗಡೆಯಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಪ್ರತಿಬಂಧಕಗಳನ್ನು, ಅಂದರೆ ಈ ತಡೆಯುವ ವಸ್ತುಗಳನ್ನು, ತೆಗೆಯುವ ಸಣ್ಣ ಕಾಲಮ್‌ಗಳಿವೆ (ದ್ರಾವಣ ಹಾಯಿಸುವ ಕೊಳವೆಗಳು). ಇನ್ನೊಂದು ದಾರಿ, ಅಂಗಾಂಶದ ಕಿಟ್ ಬಿಟ್ಟು ಮಣ್ಣು ಅಥವಾ ನೀರಿನ ಮಾದರಿಗೆಂದೇ ತಯಾರಿಸಿದ, ಹ್ಯೂಮಿಕ್ ವಸ್ತುಗಳನ್ನು ಬೇರ್ಪಡಿಸುವ ಹಂತವಿರುವ ಕಿಟ್ ಬಳಸುವುದು. ನಿಮ್ಮ ಎರಡು ಕೆರೆಗಳ ತೊಂದರೆ ಒಂದೇ ಬಗೆಯದಲ್ಲ ಎಂಬುದನ್ನೂ ಗಮನಿಸಿ. ಊರ ಕೆರೆಯ ಕೆಂಪು ನೀರಿನಲ್ಲಿರುವುದು ಜೇಡಿಯ ಸೂಕ್ಷ್ಮ ಕಣ ಮತ್ತು ಕಬ್ಬಿಣದ ಆಕ್ಸೈಡ್. ಡಿಎನ್‌ಎಯ ಫಾಸ್ಫೇಟ್ ಬೆನ್ನೆಲುಬು ಇವುಗಳಿಗೆ ಬಿಗಿಯಾಗಿ ಅಂಟುತ್ತದೆ, ಮತ್ತು ಕೋಶ ಒಡೆಯುವ ಹಂತದಲ್ಲಿ ಹೊರಬಂದ ಡಿಎನ್‌ಎಯೂ ಹೋಗಿ ಅದಕ್ಕೇ ಕಚ್ಚಿಕೊಳ್ಳುತ್ತದೆ. ಆ ಹಂತದಲ್ಲಿ ಸೋಡಿಯಂ ಫಾಸ್ಫೇಟ್ ಬಫರ್ ಬಳಸಿದರೆ ಅಂಟುವ ಜಾಗಗಳಿಗೆ ಫಾಸ್ಫೇಟೇ ಪೈಪೋಟಿ ನಡೆಸಿ ಡಿಎನ್‌ಎಯನ್ನು ಬಿಡಿಸುತ್ತದೆ. ಮಣ್ಣಿನ ಡಿಎನ್‌ಎ ತೆಗೆಯುವವರು ಇದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಕೆ.ಸಿ. ವ್ಯಾಲಿ ನೀರಿನ ಕೆರೆಯಲ್ಲಾದರೋ ಸಾರಜನಕ, ರಂಜಕ ಹೆಚ್ಚಿರುವುದರಿಂದ ಪಾಚಿ ಮತ್ತು ನೀಲಿ-ಹಸಿರು ಬ್ಯಾಕ್ಟೀರಿಯಾಗಳ ಲೋಳೆಯ ಶರ್ಕರಗಳೇ ಮುಖ್ಯ ಕಾಟ ಕೊಡುತ್ತವೆ. ಸಸ್ಯಗಳ ಡಿಎನ್‌ಎ ತೆಗೆಯಲು ಬಳಸುವ ಸಿಟಿಎಬಿ ವಿಧಾನ ಅಲ್ಲಿ ಕೈಹಿಡಿಯುತ್ತದೆ. ಪಕ್ಕದ ಸಸ್ಯಶಾಸ್ತ್ರ ವಿಭಾಗದಲ್ಲಿ ಅದರ ಸಾಮಗ್ರಿ ಇದ್ದೇ ಇರುತ್ತದೆ.

ಈಗ ನೀವು ಕೇಳಿದ ಎಥನಾಲ್ ವಿಚಾರಕ್ಕೆ ಬರುತ್ತೇನೆ. 2008ರಲ್ಲಿ ಫ್ರಾನ್ಸಿನ ಸಂಶೋಧಕರು ಹೊರದೇಶದಿಂದ ಬಂದು ಹಬ್ಬಿದ್ದ ಬುಲ್‌ಫ್ರಾಗ್ ಕಪ್ಪೆಯನ್ನು ಕೊಳದ ನೀರಿನಿಂದಲೇ ಪತ್ತೆ ಹಚ್ಚಿದಾಗ ಬಳಸಿದ್ದು ಈ ವಿಧಾನವನ್ನೇ: 15 ಮಿ.ಲೀ. ನೀರಿಗೆ 1.5 ಮಿ.ಲೀ. ಸೋಡಿಯಂ ಅಸಿಟೇಟ್ ಮತ್ತು 33 ಮಿ.ಲೀ. ಎಥನಾಲ್ ಬೆರೆಸಿ, ತಣ್ಣಗಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕಿಳಿದದ್ದನ್ನು ತೆಗೆದುಕೊಳ್ಳುವುದು. ಮೂರನ್ನೂ ಕೂಡಿದರೆ 49.5 ಮಿ.ಲೀ., ಅಂದರೆ 50 ಮಿ.ಲೀ. ಟ್ಯೂಬ್ ತುಂಬಿತು. ಬ್ರಿಟನ್ನಿನಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಎಂಬ ಉಭಯವಾಸಿಯ ಸಮೀಕ್ಷೆಗೆ ಇದನ್ನೇ ಸ್ವಲ್ಪ ಹಿಗ್ಗಿಸಿ, ಕೊಳದ ಸುತ್ತ 20 ಕಡೆ ತೆಗೆದ ನೀರನ್ನು ಒಂದು ಚೀಲದಲ್ಲಿ ಕಲಸಿ, ಅದರಿಂದ 15 ಮಿ.ಲೀ.ಯಂತೆ ಆರು ಟ್ಯೂಬ್ ತುಂಬಿ, ಕೊನೆಯಲ್ಲಿ 12 ಬಾರಿ ಪಿಸಿಆರ್ ಮಾಡುತ್ತಾರೆ. ಈ ವಿಧಾನಕ್ಕೆ ಪಂಪು ಬೇಡ, ನೀರಿನಲ್ಲಿ ಕರಗಿರುವ ಬಿಡಿ ಡಿಎನ್‌ಎಯೂ ಸಿಗುತ್ತದೆ, ಎಥನಾಲ್ ಬಿದ್ದ ಕ್ಷಣದಿಂದ ಕೊಳೆಯುವುದು ನಿಲ್ಲುತ್ತದೆ. ಆದರೆ ಸಿಗುವುದು 15 ಮಿ.ಲೀ. ನೀರಿನ ಪಾಲು ಮಾತ್ರ, ಮತ್ತು ನಿಮ್ಮ ಕೆಂಪು ನೀರಿನಲ್ಲಿ ಟ್ಯೂಬಿನ ತಳಕ್ಕೆ ಡಿಎನ್‌ಎಗಿಂತ ಮೊದಲು ಜೇಡಿ ಇಳಿಯುತ್ತದೆ, ಹ್ಯೂಮಿಕ್ ವಸ್ತುಗಳೂ ಜೊತೆಗೇ ಇಳಿಯುತ್ತವೆ. ಎಥನಾಲ್ ಅಷ್ಟು ಪ್ರಮಾಣದಲ್ಲಿ ಬೇಕೆಂದರೆ ಅಬಕಾರಿ ಪರವಾನಗಿಯ ಓಡಾಟ ಬೇರೆ. ಕಾಲೇಜುಗಳಲ್ಲಿ ಇದು ಎಷ್ಟು ತಿಂಗಳು ತಿನ್ನುತ್ತದೆಂದು ನಿಮಗೇ ಗೊತ್ತಿರುತ್ತದೆ. ಬಗ್ಗಡ ತೀರಾ ಹೆಚ್ಚಾಗಿ ಯಾವ ಫಿಲ್ಟರೂ ನಡೆಯದ ಬೇಸಿಗೆಯ ಗುಂಡಿ ನೀರಿಗೆ ಇದನ್ನು ಮೀಸಲಿಡಿ.

ಸೋಸುವಿಕೆಯನ್ನು ಬಿಡುವ ಬದಲು 0.22 ಮೈಕ್ರಾನನ್ನು ಬಿಡಿ. ಫಿಲ್ಟರಿನ ರಂಧ್ರ ಚಿಕ್ಕದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಬ್ಯಾಕ್ಟೀರಿಯಾ ಹಿಡಿಯುವವರಿಂದ ಬಂದದ್ದು. ನೀರಿನಲ್ಲಿ ಮೀನಿನ ಡಿಎನ್‌ಎ ಹೆಚ್ಚಾಗಿ ಬಿಡಿಯಾಗಿ ತೇಲುವುದಿಲ್ಲ. ಕೋಶ, ಕೋಶದ ಚೂರು, ಮೈಟೊಕಾಂಡ್ರಿಯಾ, ಅಥವಾ ಇವು ಅಂಟಿಕೊಂಡ ಕಣಗಳ ರೂಪದಲ್ಲಿರುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಮಾನ್ಯ ಗೆಂಡೆಯ ಡಿಎನ್‌ಎಯನ್ನು ಕಣದ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ನೋಡಿದಾಗ, ಅದು ಅತಿ ಹೆಚ್ಚು ಕಂಡದ್ದು 1ರಿಂದ 10 ಮೈಕ್ರಾನ್ ಗಾತ್ರದ ಕಣಗಳಲ್ಲಿ. ಅದಕ್ಕೂ ಮೊದಲು, 2011ರಲ್ಲಿ ಪ್ರಕಟವಾದ ಷಿಕಾಗೊ ಕಾಲುವೆಗಳ ಕೆಲಸದಲ್ಲಿ ಬಿಗ್‌ಹೆಡ್ ಗೆಂಡೆ ಮತ್ತು ಬೆಳ್ಳಿ ಗೆಂಡೆಯನ್ನು ಹುಡುಕಿದವರು 2 ಲೀಟರ್ ನೀರನ್ನು 1.5 ಮೈಕ್ರಾನ್ ಗಾಜಿನ ನಾರಿನ ಫಿಲ್ಟರಿನಲ್ಲಿ ಸೋಸಿದ್ದರು. ಆ ಬೆಳ್ಳಿ ಗೆಂಡೆ ನಮ್ಮ ಕೆರೆಗಳಿಗೂ ಬಿಡುವ ಮೀನೇ. ಉಷ್ಣವಲಯದ ಬಗ್ಗಡ ನೀರಿನಲ್ಲಿ ಇದಕ್ಕಿಂತಲೂ ದೊಡ್ಡ ರಂಧ್ರದ ಜಾಲರಿ ಬಳಸಿ, ಹೆಚ್ಚು ನೀರು ಹಾಯಿಸಿ ತಿಲಾಪಿಯವನ್ನು, ಅಂದರೆ ನಮ್ಮ ಸಂತೆಯ ಜಿಲೇಬಿ ಮೀನನ್ನು, ಪತ್ತೆ ಹಚ್ಚಿದ ಕೆಲಸಗಳೂ ಆಗಿವೆ.

ನೀರಿನ ಪ್ರಮಾಣ ಏಕೆ ಮುಖ್ಯ ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಲೀಟರಿಗೆ ಗುರಿ ಡಿಎನ್‌ಎಯ 200 ಪ್ರತಿಗಳಿವೆ ಮತ್ತು ಫಿಲ್ಟರಿನಿಂದ ಕಾಲಮ್ ತನಕ ಮೂರರಲ್ಲೊಂದು ಪಾಲು ಉಳಿದು ಬರುತ್ತದೆ ಎಂದಿಟ್ಟುಕೊಳ್ಳಿ. 100 ಮಿ.ಲೀ. ಸೋಸಿ, 100 ಮೈಕ್ರೋಲೀಟರಿನಲ್ಲಿ ಡಿಎನ್‌ಎ ತೆಗೆದು, ಅದರಿಂದ 2 ಮೈಕ್ರೋಲೀಟರ್ ಪಿಸಿಆರ್‌ಗೆ ಹಾಕಿದರೆ ಟ್ಯೂಬಿಗೆ ಬೀಳುವುದು ಸರಾಸರಿ 0.13 ಪ್ರತಿ, ಅಂದರೆ ಏಳೆಂಟು ಟ್ಯೂಬಿಗೆ ಒಂದು. 1 ಲೀಟರ್ ಸೋಸಿ, 50 ಮೈಕ್ರೋಲೀಟರಿನಲ್ಲಿ ತೆಗೆದು, 5 ಮೈಕ್ರೋಲೀಟರ್ ಹಾಕಿದರೆ ಪ್ರತಿ ಟ್ಯೂಬಿಗೂ ಆರೇಳು ಪ್ರತಿ ಸಿಗುತ್ತವೆ. ಸಾಕುಮೀನಿಗೆ ಇಷ್ಟು ತಿಣುಕಬೇಕಾಗಿಲ್ಲ, ಆದರೆ ಮುಂದೆ ನಿಮ್ಮ ವಿದ್ಯಾರ್ಥಿಗಳು ಊರ ಕೆರೆಯಲ್ಲಿ ಉಳಿದಿರಬಹುದಾದ ನಾಟಿ ಮೀನನ್ನೋ ಆಮೆಯನ್ನೋ ಹುಡುಕಲು ಹೊರಟರೆ ಫಲಿತಾಂಶ ನಿಲ್ಲುವುದು ಈ ಲೆಕ್ಕದ ಮೇಲೆಯೇ. ಪಿಸಿಆರ್ ಅನ್ನು ಒಂದೇ ಬಾರಿ ಮಾಡದೆ ಎಂಟು ಹತ್ತು ಬಾರಿ ಮಾಡಬೇಕೆನ್ನುವುದೂ ಇದಕ್ಕಾಗಿ.

ಫಿಲ್ಟರಿನ ವಸ್ತುವಿನ ಬಗ್ಗೆ ಹೇಳುವುದಾದರೆ, ಬಗ್ಗಡದ ನೀರಿಗೆ ಗಾಜಿನ ನಾರಿನ ಫಿಲ್ಟರ್ ಒಳ್ಳೆಯದು. ಅದು ಕಣಗಳನ್ನು ಮೇಲ್ಮೈಯಲ್ಲಷ್ಟೇ ತಡೆಯದೆ ತನ್ನ ದಪ್ಪದೊಳಗೂ ಹಿಡಿದಿಟ್ಟುಕೊಳ್ಳುವುದರಿಂದ ಬೇಗ ಕಟ್ಟಿಕೊಳ್ಳುವುದಿಲ್ಲ. ಪಾಲಿಕಾರ್ಬೊನೇಟ್ ಹಾಳೆ ನೋಡಲು ಚೆಂದ, ನಮ್ಮ ನೀರಿಗೆ ನಿಲ್ಲದು. ಒಂದು ಫಿಲ್ಟರ್ ಕಟ್ಟಿಕೊಂಡರೆ ಜಗ್ಗಾಡದೆ ಎರಡನೆಯದನ್ನು ಹಾಕಿ, ಎರಡರ ಡಿಎನ್‌ಎಯನ್ನೂ ಕೊನೆಗೆ ಕೂಡಿಸಿ, ಒಟ್ಟು ಎಷ್ಟು ನೀರು ಹಾದುಹೋಯಿತೆಂದು ಬರೆದಿಡಿ. ಮೊದಲು ದೊಡ್ಡ ಜಾಲರಿಯಲ್ಲಿ ಸೋಸುವುದಿದ್ದರೆ ಆ ಜಾಲರಿಯನ್ನು ಎಸೆಯಬೇಡಿ. ಮೀನಿನ ಡಿಎನ್‌ಎಯ ಒಂದು ಪಾಲು ಅದರಲ್ಲೇ ಕುಳಿತಿರುತ್ತದೆ. ನೀರು ತಿಳಿಯಾಗಲೆಂದು ಪಟಿಕ ಹಾಕುವುದು, ಹಳ್ಳಿಗಳಲ್ಲಿ ಮಾಡುವಂತೆ ಚಿಲ್ಲದ ಬೀಜ ತೇಯ್ದು ಹಾಕುವುದು ಖಂಡಿತ ಬೇಡ. ಜೇಡಿಯ ಜೊತೆಗೆ ಕೋಶಗಳನ್ನೂ ತಳಕ್ಕೆ ಎಳೆಯುವುದೇ ಅವುಗಳ ಗುಣ.

ಕೆರೆಯ ಬಳಿ ಮಾಡುವ ಕೆಲಸದಲ್ಲಿ ಮೊದಲ ನಿಯಮ ನೀರಿಗೆ ಇಳಿಯದಿರುವುದು. ತಳದ ಗೋಡಿನಲ್ಲಿ ಡಿಎನ್‌ಎ ನೀರಿನಲ್ಲಿರುವುದಕ್ಕಿಂತ ಬಹಳ ಹೆಚ್ಚು ಕಾಲ ಉಳಿಯುವುದರಿಂದ, ಕಾಲಿಟ್ಟು ಕದಡಿದರೆ ಹಿಂದೆಂದೋ ಇದ್ದ ಮೀನೂ ಇಂದಿನ ಪಟ್ಟಿಗೆ ಸೇರಿಬಿಡುತ್ತದೆ. ಏರಿಯ ಕಲ್ಲುಕಟ್ಟಡದ ಮೇಲೆ ನಿಂತು, ಉದ್ದ ಕೋಲಿಗೆ ಕಟ್ಟಿದ ಪಾತ್ರೆಯಿಂದ ಮೇಲ್ಮೈ ನೀರು ತೆಗೆಯಿರಿ. ತೂಬಿನ ಬಳಿ, ಕೋಡಿಯ ಬಳಿ, ಜೊಂಡಿನ ಅಂಚಿನಲ್ಲಿ, ಹಿನ್ನೀರಿನಲ್ಲಿ ಹೀಗೆ ಹಲವು ಕಡೆ ಸ್ವಲ್ಪ ಸ್ವಲ್ಪ ತೆಗೆದು ಕೂಡಿಸುವುದು ಒಂದೇ ಕಡೆ ಒಂದು ಬಕೆಟ್ ತುಂಬುವುದಕ್ಕಿಂತ ಮೇಲು, ಏಕೆಂದರೆ ನಿಂತ ನೀರಿನಲ್ಲಿ ಡಿಎನ್‌ಎ ಸಮನಾಗಿ ಹರಡಿರುವುದಿಲ್ಲ. ಬೆಳಗ್ಗೆ ಬಲೆಯವರು ತೆಪ್ಪ ಇಳಿಸುವುದಕ್ಕೆ ಮುಂಚೆ ಹೋಗಿ. ಒಂದೇ ಬಲೆ, ಒಂದೇ ಹರಿಗೋಲು ಈ ವಾರ ಒಂದು ಕೆರೆಯಲ್ಲಿ, ಮುಂದಿನ ವಾರ ಇನ್ನೊಂದರಲ್ಲಿ ಓಡಾಡುವುದರಿಂದ ಒಂದು ಕೆರೆಯ ಲೋಳೆ ಇನ್ನೊಂದಕ್ಕೆ ಹೋಗುತ್ತದೆ. ನೀರು ತೆಗೆಯಲು ಅವರ ಬಕೆಟ್ಟನ್ನು ಕೇಳಿ ಪಡೆಯುವುದು ಎಷ್ಟೇ ಅನುಕೂಲವಾದರೂ ಬೇಡ.

ನಿಮ್ಮ ಕ್ರಮದಲ್ಲಿ ನನಗೆ ಇಷ್ಟವಾಗದ ಇನ್ನೊಂದು ಸಂಗತಿ ಆ ಒಂದು ರಾತ್ರಿ. ಬಾಟಲಿಗೆ ಬಂದ ಮೇಲೂ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುವುದಿಲ್ಲ. ಫ್ರಿಜ್ಜಿನಲ್ಲಿ ನಿಧಾನವಾಗುತ್ತವೆ, ಅಷ್ಟೇ. ಐಸ್ ಪೆಟ್ಟಿಗೆಯಲ್ಲಿ ತಂದು ಕೆಲವೇ ಗಂಟೆಗಳಲ್ಲಿ ಸೋಸುವುದು ಒಳ್ಳೆಯದು, ಕೈಪಂಪಿನಿಂದಲೋ 50 ಮಿ.ಲೀ. ಸಿರಿಂಜಿಗೆ ಜೋಡಿಸುವ ಮುಚ್ಚಿದ ಫಿಲ್ಟರಿನಿಂದಲೋ ಏರಿಯ ಮೇಲೆಯೇ ಸೋಸುವುದು ಇನ್ನೂ ಒಳ್ಳೆಯದು. ಹಾಗೆಂದು ಸೋಸದ ನೀರನ್ನು ಫ್ರೀಜರಿಗೆ ಹಾಕಬೇಡಿ: ಹೆಪ್ಪುಗಟ್ಟಿ ಕರಗುವಾಗ ಕೋಶಗಳು ಒಡೆದು, ಒಳಗಿನ ಡಿಎನ್‌ಎ ಫಿಲ್ಟರಿನ ರಂಧ್ರದ ಮೂಲಕ ಜಾರಿಹೋಗುತ್ತದೆ. ಅದೇ ದಿನ ಸೋಸಲು ಆಗದಿದ್ದರೆ ಬೆಂಜಾಲ್ಕೋನಿಯಂ ಕ್ಲೋರೈಡನ್ನು ನೀರಿನಲ್ಲಿ ಶೇ. 0.01 ಆಗುವಂತೆ, ಅಂದರೆ ಶೇ. 10ರ ದ್ರಾವಣವನ್ನು ಲೀಟರಿಗೆ 1 ಮಿ.ಲೀ.ಯಂತೆ ಹಾಕಿ. ಜಪಾನಿನಲ್ಲಿ ಈಗ ಇದು ರೂಢಿಯ ಕ್ರಮ. ಸೋಸಿದ ಫಿಲ್ಟರನ್ನು ಅಂದೇ ಫ್ರೀಜರಿಗೆ ಸೇರಿಸಲಾಗದಿದ್ದರೆ ಲಾಂಗ್‌ಮೈರ್ ಬಫರಿನಲ್ಲಿ ಮುಳುಗಿಸಿಡಿ. 100 ಮಿಲಿಮೋಲಾರ್ ಟ್ರಿಸ್, 100 ಮಿಲಿಮೋಲಾರ್ ಇಡಿಟಿಎ, 10 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, ಶೇ. 0.5 ಎಸ್‌ಡಿಎಸ್, ಪಿಎಚ್ 8. ಇವೆಲ್ಲ ನಿಮ್ಮ ಕಪಾಟಿನಲ್ಲೇ ಇರುವ ರಾಸಾಯನಿಕಗಳು, ಪರವಾನಗಿಯ ಗೋಜಿಲ್ಲ, ಮತ್ತು ಕರೆಂಟ್ ಹೋದರೂ ಮಾದರಿ ಕೆಡುವುದಿಲ್ಲ.

ಫಿಲ್ಟರಿನಿಂದ ಡಿಎನ್‌ಎ ಬಿಡಿಸುವಾಗ ಕಿಟ್‌ನ ಪುಸ್ತಿಕೆಯ ಅಳತೆ ಸಾಲದು. 25 ಮಿ.ಗ್ರಾಂ ಅಂಗಾಂಶಕ್ಕೆಂದು ಹೇಳಿದ 180 ಮೈಕ್ರೋಲೀಟರ್ ಬಫರನ್ನು ಗಾಜಿನ ನಾರಿನ ಫಿಲ್ಟರ್ ಒಂದೇ ಗುಟುಕಿಗೆ ಕುಡಿದುಬಿಡುತ್ತದೆ. ಡಿಎನ್‌ಈಸಿ ಬ್ಲಡ್ ಅಂಡ್ ಟಿಶ್ಯೂ ಕಿಟ್ ಆದರೆ ಎಲ್ಲವನ್ನೂ ಮೂರು ಪಟ್ಟು ಮಾಡಿ: ಫಿಲ್ಟರನ್ನು ಚಿಮಟಿಗೆಯಿಂದ ಚೂರು ಮಾಡಿ, 540 ಮೈಕ್ರೋಲೀಟರ್ ಎಟಿಎಲ್ ಬಫರ್ ಮತ್ತು 60 ಮೈಕ್ರೋಲೀಟರ್ ಪ್ರೋಟಿನೇಸ್ ಕೆ ಹಾಕಿ, 56 ಡಿಗ್ರಿಯಲ್ಲಿ ರಾತ್ರಿಯಿಡೀ ಆಗಾಗ ಕುಲುಕುತ್ತಾ ಇಡಿ. ಮರುದಿನ ತಳದಲ್ಲಿ ಸೂಜಿಯಿಂದ ತೂತು ಮಾಡಿದ ಸಣ್ಣ ಟ್ಯೂಬಿಗೆ ಆ ಚೂರುಗಳನ್ನು ತುಂಬಿ, ಅದನ್ನು ದೊಡ್ಡ ಟ್ಯೂಬಿನೊಳಗೆ ಕೂರಿಸಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ನಾರಿನೊಳಗೆ ಸಿಕ್ಕಿಕೊಂಡ ದ್ರವ ಕೆಳಗಿಳಿಯುತ್ತದೆ. ಹಿಂಡದೆ ಬಿಟ್ಟ ಫಿಲ್ಟರಿನಲ್ಲಿ ಡಿಎನ್‌ಎಯ ದೊಡ್ಡ ಪಾಲು ಕಸದ ಬುಟ್ಟಿಗೆ ಹೋಗುತ್ತದೆ. ಆಮೇಲೆ 600 ಮೈಕ್ರೋಲೀಟರ್ ಎಎಲ್ ಬಫರ್, 600 ಮೈಕ್ರೋಲೀಟರ್ ಎಥನಾಲ್ ಸೇರಿಸಿ, ಒಂದೇ ಕಾಲಮಿಗೆ ಕಂತು ಕಂತಾಗಿ ಹಾಯಿಸಿ. ತೊಳೆದ ನಂತರ ಕಾಲಮನ್ನು ಬರಿದಾಗಿ ಇನ್ನೊಮ್ಮೆ ತಿರುಗಿಸಿ ಎಥನಾಲ್ ಪೂರ್ತಿ ಹೋಗಿಸಿ, ಬೆಚ್ಚಗಿನ ಬಫರ್ ಹಾಕಿ ಐದು ನಿಮಿಷ ಬಿಟ್ಟು ಡಿಎನ್‌ಎ ತೆಗೆಯಿರಿ. ಕಿಟ್‌ಗೆ ಹಣವಿಲ್ಲದಿದ್ದರೆ ಫಿನಾಲ್-ಕ್ಲೋರೋಫಾರ್ಮ್ ಹಳೆಯದಾದರೂ ಡಿಎನ್‌ಎಯ ಪ್ರಮಾಣದಲ್ಲಿ ಕಿಟ್‌ಗಳಿಗೆ ಸೋಲುವ ವಿಧಾನವಲ್ಲ. ಫ್ಯೂಮ್ ಹುಡ್ ಸರಿಯಾಗಿ ನಡೆಯುತ್ತಿದ್ದರೆ ಮಾತ್ರ ವಿದ್ಯಾರ್ಥಿಗಳ ಕೈಗೆ ಕೊಡಿ.

ಪ್ರೈಮರ್ ಕೇಳುವ ತುಣುಕು ಚಿಕ್ಕದಾಗಿ, ಪ್ರತಿಬಂಧಕ ಹೋದ ಮೇಲೆ ನಿಮಗೆ ಎದುರಾಗುವುದು ಇದರ ತದ್ವಿರುದ್ಧ ಸಮಸ್ಯೆ, ಅಂದರೆ ಎಲ್ಲದರಲ್ಲೂ ಬ್ಯಾಂಡ್ ಬರುವುದು. ಮೀನಿನ ಅಂಗಾಂಶದ ಪಿಸಿಆರ್ ನಡೆದ ಮೇಜಿನ ಮೇಲೆಯೇ ನೀರಿನ ಮಾದರಿಯ ಕೆಲಸ ಮಾಡಿದರೆ ಹೀಗಾಗದೆ ಇರದು. ಸೋಸುವುದು ಮತ್ತು ಡಿಎನ್‌ಎ ತೆಗೆಯುವುದು ಒಂದು ಕೋಣೆಯಲ್ಲಿ, ಪಿಸಿಆರ್ ಆದ ಟ್ಯೂಬ್ ತೆರೆಯುವುದು ಇನ್ನೊಂದು ಕೋಣೆಯಲ್ಲಿ ಇರಲಿ. ಎರಡನೆಯದರಿಂದ ಮೊದಲನೆಯದಕ್ಕೆ ಅದೇ ದಿನ ಯಾರೂ ಮರಳಬಾರದು. ಬಾಟಲಿ, ಚಿಮಟಿಗೆ, ಸೋಸುವ ಪಾತ್ರೆಗಳನ್ನು ಮನೆಬಳಕೆಯ ಬ್ಲೀಚನ್ನು ಹತ್ತು ಪಟ್ಟು ತೆಳು ಮಾಡಿ ಹತ್ತು ನಿಮಿಷ ನೆನೆಸಿ, ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಬ್ಲೀಚಿನ ಪಸೆ ಉಳಿದರೆ ಅದು ನಿಮ್ಮ ಮಾದರಿಯ ಡಿಎನ್‌ಎಯನ್ನೂ ಮುಗಿಸುತ್ತದೆ. ಕಿಟ್‌ನ ಎಎಲ್ ಬಫರಿನಲ್ಲಿ ಗ್ವಾನಿಡಿನ್ ಲವಣ ಇರುವುದರಿಂದ ಅದು ಚೆಲ್ಲಿದ ಜಾಗಕ್ಕೆ ಬ್ಲೀಚ್ ಸುರಿಯಬಾರದು, ವಿಷಾನಿಲ ಬರುತ್ತದೆ. ಪ್ರತಿ ಸಲವೂ ಒಂದು ಬಾಟಲಿ ಶುದ್ಧ ನೀರನ್ನು ಕೆರೆಗೆ ಒಯ್ದು, ಅಲ್ಲಿ ಮುಚ್ಚಳ ತೆರೆದು ಮುಚ್ಚಿ, ಮಾದರಿಯ ಜೊತೆಗೇ ಸೋಸಿ ಕೊನೆಯ ತನಕ ತನ್ನಿ. ಡಿಎನ್‌ಎ ತೆಗೆಯುವ ಹಂತಕ್ಕೆ, ಪಿಸಿಆರ್ ಹಂತಕ್ಕೆ ಬೇರೆ ಬೇರೆ ಖಾಲಿ ಮಾದರಿಗಳಿರಲಿ. ಯಾವ ಖಾಲಿ ಮಾದರಿಯಲ್ಲಿ ಬ್ಯಾಂಡ್ ಬಂತು ಎನ್ನುವುದರಿಂದಲೇ ಕೊಳೆ ಎಲ್ಲಿ ಸೇರಿತೆಂದು ತಿಳಿಯುತ್ತದೆ.

ಖಾಲಿ ಮಾದರಿಗಳೆಲ್ಲ ಸ್ವಚ್ಛವಾಗಿದ್ದರೂ ನರಸಾಪುರದ ಕೆರೆಯ ಫಲಿತಾಂಶವನ್ನು ಇನ್ನೊಂದು ಕಣ್ಣಿನಿಂದ ನೋಡಬೇಕು. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು 2018ರಿಂದ ಲಕ್ಷ್ಮೀಸಾಗರ ಕೆರೆಯ ಮೂಲಕ ನಿಮ್ಮ ಜಿಲ್ಲೆಯ ಕೆರೆಗಳಿಗೆ ಒಂದರಿಂದ ಒಂದಕ್ಕೆ ಹರಿಯುತ್ತಿದೆ. ಎರಡನೇ ಹಂತದ ಸಂಸ್ಕರಣೆ ಸಾವಯವ ಕೊಳೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ನೀರಿನ ಡಿಎನ್‌ಎಯನ್ನೆಲ್ಲ ಅಳಿಸುವುದಿಲ್ಲ, ಮತ್ತು ಕೊಳಚೆ ನೀರಿನಲ್ಲಿ ನಗರದ ಅಡುಗೆಮನೆ, ಹೋಟೆಲು, ಮೀನು ಮಾರುಕಟ್ಟೆಗಳಿಂದ ಬಂದ ಆಹಾರದ ಡಿಎನ್‌ಎಯೂ ಇರುತ್ತದೆ. ಮೈಫಿಶ್ ಪ್ರೈಮರಿನಿಂದ ಬಂದದ್ದನ್ನು ಸೀಕ್ವೆನ್ಸಿಂಗ್ ಮಾಡಿಸಿದಾಗ ಪಟ್ಟಿಯಲ್ಲಿ ಬಂಗುಡೆ, ಬೂತಾಯಿ ಕಂಡರೆ ಗಾಬರಿಯಾಗಬೇಡಿ, ಹಾಗೆಂದು ಸದ್ದಿಲ್ಲದೆ ಅಳಿಸಿಯೂ ಹಾಕಬೇಡಿ. ಸಮುದ್ರದ ಮೀನು ಕೆರೆಯಲ್ಲಿ ಇರಲಾರದು, ಆದ್ದರಿಂದ ಅದು ಹೊರಗಿನಿಂದ ಬಂದದ್ದೆಂದು ಸುಲಭವಾಗಿ ಗೊತ್ತಾಗುತ್ತದೆ. ತೊಡಕಿರುವುದು ರೋಹು, ಕಾಟ್ಲಾಗಳಲ್ಲಿ. ಅವು ಬೆಂಗಳೂರಿನ ಮಾರುಕಟ್ಟೆಯಲ್ಲೂ ಇವೆ, ನಿಮ್ಮ ಕೆರೆಯಲ್ಲೂ ಇವೆ. ಹಾಗಾಗಿ ನೀರು ಕೆರೆಗೆ ಬಂದು ಬೀಳುವ ಜಾಗದಲ್ಲಿ ಒಂದು ಮಾದರಿ, ತೂಬಿನ ಬಳಿ ಒಂದು ಮಾದರಿ ತಪ್ಪದೆ ತೆಗೆದು, ರಿಯಲ್ ಟೈಮ್ ಪಿಸಿಆರ್ ಇರುವ ಯಾವುದಾದರೂ ಸಂಸ್ಥೆಯ ನೆರವಿನಿಂದ ಎರಡರ ಪ್ರಮಾಣವನ್ನು ಹೋಲಿಸಿ. ಬಂಗುಡೆಯ ಡಿಎನ್‌ಎ ನೀರು ಬೀಳುವ ಜಾಗದಲ್ಲಿ ಹೆಚ್ಚಿದ್ದು ತೂಬಿನ ಬಳಿ ಇಳಿದಿದ್ದರೆ, ಹೊರಗಿನ ಡಿಎನ್‌ಎ ಕೆರೆ ದಾಟುವಷ್ಟರಲ್ಲಿ ಎಷ್ಟು ಕರಗುತ್ತದೆಂಬ ಅಳತೆ ನಿಮಗೆ ಪುಕ್ಕಟೆ ಸಿಕ್ಕಂತಾಯಿತು. ರೋಹು ಅದೇ ಪ್ರಮಾಣದಲ್ಲಿ ಇಳಿಯದೆ ತೂಬಿನ ಬಳಿಯೂ ಹಾಗೇ ನಿಂತಿದ್ದರೆ ಅಥವಾ ಏರಿದ್ದರೆ, ಆ ಹೆಚ್ಚುವರಿ ಪಾಲನ್ನು ಕೆರೆಯ ಮೀನಿನದೆಂದು ಬರೆಯಲು ನಿಮಗೆ ಆಧಾರವಿರುತ್ತದೆ. ಮಳೆನೀರಿನ ಊರ ಕೆರೆಯಲ್ಲಿ ಬಂಗುಡೆ ಕಂಡರೆ ಮಾತ್ರ ಕೆರೆಯನ್ನು ಬಿಟ್ಟು ನಿಮ್ಮ ಲ್ಯಾಬಿನ ಬಾಟಲಿಗಳನ್ನು ಮತ್ತು ವಿದ್ಯಾರ್ಥಿಗಳ ಊಟದ ಡಬ್ಬಿಗಳನ್ನು ವಿಚಾರಿಸಿ.